ಎರಡನೇ ಗೇರಿನ ಜೊತೆ ಮೂವತ್ತೆರಡು ವರ್ಷ

ಆ ಗುರುವಾರವೂ ಐದೂವರೆಗೇ ಎದ್ದೆ. ಬಾಗಿಲಿಗೆ ನೀರು ಹಾಕಿ, ಸಣ್ಣದೊಂದು ರಂಗೋಲಿ ಬಿಟ್ಟು, ಕಾಫಿ ಫಿಲ್ಟರಿಗೆ ಪುಡಿ ತುಂಬಿ ಬಿಸಿನೀರು ಸುರಿದೆ. ಡಿಕಾಕ್ಷನ್ ಇಳಿಯಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಮೂವತ್ತೆರಡು ವರ್ಷದಿಂದ ನಮ್ಮ ಕಾರಿಗೆ ಮೀಸಲು.

ಷೆಡ್ಡಿನ ತಗಡಿನ ಬಾಗಿಲನ್ನು ಸ್ವಲ್ಪ ಎತ್ತಿಯೇ ಸರಿಸಬೇಕು, ಇಲ್ಲದಿದ್ದರೆ ಕಲ್ಲಿಗೆ ಉಜ್ಜಿ ಬೀದಿಯನ್ನೆಲ್ಲ ಎಬ್ಬಿಸುತ್ತದೆ. ಎತ್ತಿ ಸರಿಸಿ, ಮೊದಲು ಬಗ್ಗಿ ಕಾರಿನ ಕೆಳಗೆ ಹಾಸಿದ ರಟ್ಟನ್ನು ನೋಡಿದೆ. ಆಯಿಲ್ಲಿನ ಒಂದೇ ಒಂದು ತೊಟ್ಟು, ಹಣೆಯ ಬೊಟ್ಟಿನಷ್ಟು. ಅದು ಇರಲೇಬೇಕು. ಅದೂ ಬೀಳದ ದಿನ ಎಂಜಿನ್ನಿನಲ್ಲಿ ಆಯಿಲ್ಲೇ ಇಲ್ಲ ಎಂದು ತಿಳಿಯಬೇಕು. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಿದೆ. ರೇಡಿಯೇಟರಿನ ನೀರು ಕತ್ತಿನವರೆಗೂ ಇತ್ತು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ರೂಢಿ. ನನ್ನ ಹೆಬ್ಬೆರಳು ಕಳೆದ ವರ್ಷದಿಂದ ಮುಷ್ಕರ ಹೂಡಿರುವುದರಿಂದ ಅಂಗೈಯಿಂದ ಒತ್ತಿದೆ. ಚೋಕ್ ಎಳೆದು ಕೀಲಿ ತಿರುಗಿಸಿದಾಗ ಎರಡು ಸಲ ಕೆಮ್ಮಿ ಎದ್ದಿತು. ಹೊಲಿಗೆ ಮಿಷನ್ನಿನ ಹಾಗೆ ಒಂದೇ ಸಮನೆ ಟಿಕಟಿಕ. ಒಳಗಿನಿಂದ ಕಾಫಿಯ ವಾಸನೆ ಬರುವ ಹೊತ್ತಿಗೆ ಆಫ್ ಮಾಡಿದೆ.

ಎಲ್ಲವೂ ದಿನದ ಹಾಗೆಯೇ. ಒಂದು ಮಾತ್ರ ಬೇರೆ. ಆ ದಿನ ಸ್ಟೇರಿಂಗ್ ಹಿಡಿದು ಕೂರಬೇಕಾದವಳು ನಾನು. ಚಾಮರಾಜನಗರದ ಆರ್‌ಟಿಓ ಆಫೀಸಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ನನಗೆ ಡ್ರೈವಿಂಗ್ ಟೆಸ್ಟ್ ಇತ್ತು. ಅರವತ್ತೊಂದನೇ ವಯಸ್ಸಿನಲ್ಲಿ, ಎರಡನೇ ಸಲ. ಮೊದಲನೇ ಸಲ ಫೇಲಾಗಿದ್ದೆ.

ಈ ಸಲವೂ ಫೇಲಾದರೆ ಏನಾಗುತ್ತದೆ ಎಂಬುದು ಮೊದಲೇ ತೀರ್ಮಾನವಾಗಿತ್ತು. ಯಳಂದೂರಿನ ಮಹದೇವಸ್ವಾಮಿ ಎಂಬವರು ಬಿಳಿಗಿರಿ ಬೆಟ್ಟದ ದಾರಿಯಲ್ಲಿ ತೋಟದ ಹೋಟೆಲ್ ಕಟ್ಟುತ್ತಿದ್ದಾರೆ. ಅದರ ಬಾಗಿಲಲ್ಲಿ ನಿಲ್ಲಿಸಲು ನಮ್ಮ ಕಾರು ಬೇಕು ಎಂದು ಮೂರು ಸಲ ಮನೆಗೆ ಬಂದಿದ್ದರು. "ಎಂಜಿನ್ ತಗ್ದು ಬಾನೆಟ್ಟೊಳಕ್ಕೆ ಮಣ್ಣು ತುಂಬಿ ಊವಿನ್ ಗಿಡ ಆಕ್ಸ್ತೀನಿ ಸಾ. ಬಂದೋರೆಲ್ಲ ಪೋಟೋ ತಕತಾರೆ" ಎಂದು ಅವರು ನನ್ನ ಯಜಮಾನರಿಗೆ ವಿವರಿಸುತ್ತಿದ್ದಾಗ ನಾನು ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಲೋಟ ಬಿಸಿಯಾಗಿದ್ದುದು ಆಮೇಲೆ ಗೊತ್ತಾಯಿತು. ಯಜಮಾನರ ಕಣ್ಣಿಗೆ ಎರಡು ವರ್ಷದಿಂದ ಪಕ್ಕದ ನೋಟ ಇಲ್ಲ, ಎದುರಿಗಿದ್ದದ್ದು ಮಾತ್ರ ಕಾಣುತ್ತದೆ. ಕಣ್ಣಿನ ಡಾಕ್ಟರು ಗಾಡಿ ಓಡಿಸಬೇಡಿ ಎಂದಿದ್ದರು. "ಷೆಡ್ಡಲ್ಲಿ ನಿಂತು ತುಕ್ಕು ಹಿಡಿಯೋದಕ್ಕಿಂತ ಹೂವಾದ್ರೂ ಬಿಡ್ಲಿ ಗಿರಿಜಾ" ಎಂದರು ಇವರು. ಆಮೇಲೆ ನನ್ನ ಮುಖ ನೋಡಿ, "ನಿನ್ನ ಇನ್ನೊಂದು ಟೆಸ್ಟ್ ಆಗಲಿ. ಆಮೇಲೆ ಹೇಳ್ತೀನಿ ಅಂತ ಅವರಿಗೆ ಹೇಳಿದ್ದೀನಿ" ಎಂದರು.

ಇಷ್ಟು ವರ್ಷ ಕಾರು ರಿಪೇರಿ ಮಾಡಿದವಳಿಗೆ ಓಡಿಸಲು ಬರುತ್ತಿರಲಿಲ್ಲವೇ ಎಂದು ಕೇಳಬಹುದು. ಬರುತ್ತಿರಲಿಲ್ಲ. ಅದೇ ನಮ್ಮ ಮನೆಯ ಏರ್ಪಾಡು. ಓಡಿಸುವುದು ಅವರು, ಬಿಚ್ಚುವುದು ನಾನು. ಅವರು ಬಾನೆಟ್ ಎತ್ತಿದ್ದನ್ನು ನಾನು ನೋಡಿಲ್ಲ. ನಾನು ಕಾಂಪೌಂಡ್ ದಾಟಿ ಓಡಿಸಿದ್ದನ್ನು ಅವರೂ ನೋಡಿರಲಿಲ್ಲ. ಗೃಹಿಣಿಗೆ ನಿವೃತ್ತಿ ಎಲ್ಲಿಯದು ಎನ್ನುತ್ತಾರೆ. ಅಡುಗೆಮನೆಯಿಂದ ಇಲ್ಲ, ಒಪ್ಪುತ್ತೇನೆ. ಆದರೆ ಸ್ಪ್ಯಾನರಿನಿಂದ ಇದೆ. ಹೋದ ಯುಗಾದಿಗೆ ಹೆಬ್ಬೆರಳು ಸ್ಪಾರ್ಕ್ ಪ್ಲಗ್ ಬಿಗಿಸಲು ಒಲ್ಲೆ ಎಂದಾಗ ನಾನು ನಿವೃತ್ತಳಾದೆ. ಈಗ ಹಳೇ ಪುಟ್ಟ ಕಾರುಗಳನ್ನು ಆಸೆಯಿಂದ ಕೊಂಡು, ತಾವೇ ರಿಪೇರಿ ಮಾಡಿಕೊಳ್ಳುತ್ತೇವೆಂದು ಹೊರಟಿರುವ ಹೆಣ್ಣುಮಕ್ಕಳು ಮೈಸೂರಿನಿಂದ, ಹನೂರಿನಿಂದ ಫೋನ್ ಮಾಡುತ್ತಾರೆ. "ಆಂಟಿ, ಕಷ್ಟಾನಾ?" ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಷ್ಟವಲ್ಲ. ಆದರೆ ನಿಮ್ಮ ಜಾಣತನವೇ ನಿಮಗೆ ಅಡ್ಡಗಾಲು ಹಾಕುತ್ತದೆ.

ನಾವು ಕೊಳ್ಳೇಗಾಲದಲ್ಲಿ ಮನೆ ಮಾಡಿದಾಗ ಇವರು ರೇಷ್ಮೆ ಇಲಾಖೆಯಲ್ಲಿದ್ದರು. ಹಿಪ್ಪುನೇರಳೆ ತೋಟ ನೋಡಲು ಶಾಗ್ಯ, ಹನೂರು, ಮಾರ್ಟಳ್ಳಿ ಎಂದು ವಾರವಿಡೀ ಸುತ್ತಾಟ. ಮೈಸೂರಿನ ಡಾಕ್ಟರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕಾರು ಬಂತು. ಮಜ್ಜಿಗೆಯ ಬಣ್ಣದ್ದು, ಗುಂಡು ದೀಪದ್ದು, ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲೇ ಇರುವಂಥದ್ದು. ನಮ್ಮ ಮನೆಗೆ ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು. ಮೊದಲ ತಿಂಗಳಲ್ಲೇ ಕಾಮಗೆರೆಯ ಹತ್ತಿರ ನಾಲ್ಕು ಸಲ ನಿಂತಿತು. ಎತ್ತಿನ ಗಾಡಿಯವರು ಹಗ್ಗ ಕಟ್ಟಿ ಎಳೆದು ತರುವುದು, ಇವರು ಒಳಗೆ ಕುಳಿತು ಗಂಭೀರವಾಗಿ ಸ್ಟೇರಿಂಗ್ ತಿರುಗಿಸುವುದು. ನೋಡಿದವರೆಲ್ಲ ನಮಸ್ಕಾರ ಬೇರೆ ಮಾಡುತ್ತಿದ್ದರು.

ಹನೂರು ರಸ್ತೆಯಲ್ಲಿ ರಹಮತ್ ಮೇಸ್ತ್ರಿಯವರ ಷೆಡ್ಡಿತ್ತು. ಇವರಿಗೆ ಆಫೀಸಿರುತ್ತಿದ್ದುದರಿಂದ ಕಾರು ಬಿಟ್ಟ ಮೇಲೆ ಕಾಯುವ ಕೆಲಸ ನನ್ನದು. ಛತ್ರಿ ಹಿಡಿದು ನಿಂತು ನೋಡುತ್ತಿದ್ದೆ. ಒಂದು ದಿನ ಮೇಸ್ತ್ರಿ ಕಾರ್ಬ್ಯುರೇಟರ್ ಬಿಚ್ಚಲು ಸ್ಪ್ಯಾನರ್ ಎತ್ತಿದಾಗ, "ಮೇಸ್ತ್ರಿ, ಆ ಸಣ್ಣ ಪೈಪು ಯಾಕೆ ಬೆವತಿದೆ?" ಎಂದು ಕೇಳಿದೆ. ಅವರು ಬೆರಳಿಟ್ಟು ಮೂಸಿದರು. ಪೆಟ್ರೋಲು. ಪೈಪಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು.

"ಅಮ್ಮಾವ್ರೆ, ಛತ್ರಿ ಮಡುಗಿ ಇತ್ಲಾಗ್ ಬನ್ನಿ" ಎಂದರು. ನನ್ನ ನೇಮಕಾತಿಯ ಆದೇಶ ಅಷ್ಟೇ.

ಅವರಿಗೆ ಒಂದು ಕ್ರಮವಿತ್ತು. ಒಂದು ಲೋಟ ಟೀ ಕುಡಿದು ಮುಗಿಯುವವರೆಗೆ ಯಾವ ಗಾಡಿಯನ್ನೂ ಮುಟ್ಟುತ್ತಿರಲಿಲ್ಲ, ಬರೀ ನೋಡುತ್ತಿದ್ದರು. "ಕೈಗಿಂತ್ಲೂ ಮದ್ಲು ಕಣ್ಣು ಓಗ್ಬೇಕು" ಎನ್ನುತ್ತಿದ್ದರು. ನನಗೆ ಅದು ಹೊಸದಾಗಿರಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಕಸೂತಿಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ಮಗುಚಿ ಹಿಂಭಾಗ ನೋಡಿ ಅಂಕ ಹಾಕುತ್ತಿದ್ದರು. ಗಂಟು, ಸಿಕ್ಕು, ಎಳೆದ ದಾರ ಎಲ್ಲ ಅಲ್ಲಿ ಕಾಣುತ್ತದೆ. ಸಿಸ್ಟರ್ ಮತ್ತು ಮೇಸ್ತ್ರಿ ಒಂದೇ ಶಾಲೆಯವರು ಎಂದು ನನಗೆ ಅನ್ನಿಸಿತು.

ನನ್ನ ಮೊದಲ ದೊಡ್ಡ ಎಡವಟ್ಟು ಈ ಅಚ್ಚುಕಟ್ಟಿನಿಂದಲೇ ಆಯಿತು. ಪ್ಲಗ್‌ಗಳನ್ನು ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ ಹಾಕಲು ಕಲಿತಿದ್ದೆ. ಒಂದು ಭಾನುವಾರ ನಾಲ್ಕು ಪ್ಲಗ್‌ಗಳ ನಾಲ್ಕು ವೈರುಗಳು ಒಂದರ ಮೇಲೊಂದು ಹಾದುಹೋಗಿರುವುದು ಕಣ್ಣಿಗೆ ಚುಚ್ಚಿತು. ಬಿಚ್ಚಿ, ಉದ್ದದ ಪ್ರಕಾರ ಸಾಲಾಗಿ ಜೋಡಿಸಿ, ಒಂದು ಕೆಂಪು ಟೇಪಿನಿಂದ ಕಟ್ಟಿದೆ. ಜಗಲಿಯಲ್ಲಿ ಕುಳಿತು ಉಸ್ತುವಾರಿ ಮಾಡುತ್ತಿದ್ದ ನಮ್ಮ ಅತ್ತೆ, "ಈಗ ಒಪ್ಪಾಗದೆ ಕಣವ್ವ" ಎಂದು ಮೆಚ್ಚಿದರು. ಇವರು ಕೀಲಿ ತಿರುಗಿಸಿದ್ದೇ ತಡ, ಸೈಲೆನ್ಸರಿನಿಂದ ಢಮಾರ್ ಎಂದು ಪಟಾಕಿ ಹಾರಿತು. ಅತ್ತೆ ಎಲೆಅಡಿಕೆ ತಟ್ಟೆ ಬಿಟ್ಟು ಒಳಗೆ ಓಡಿದರು. ಎದುರು ಮನೆಯವರ ಹಸು ಹಗ್ಗ ಕಿತ್ತುಕೊಂಡು ಮಾರ್ಕೆಟ್ಟಿನವರೆಗೂ ಹೋಗಿತ್ತು.

ಮೇಸ್ತ್ರಿ ಬಂದು ನೋಡಿ, ನಗುವನ್ನು ಮೀಸೆಯೊಳಗೇ ತಡೆದುಕೊಂಡು, "ಅಮ್ಮಾವ್ರೆ, ಇದು ಜಡೆ ಅಲ್ಲ. ಇದ್ರದ್ದೇ ಒಂದು ಲೆಕ್ಕ ಅದೆ. ಒಂದು, ಮೂರು, ನಾಕು, ಎಲ್ಡು. ಅಂಗೇ ಉರೀಬೇಕು" ಎಂದರು. ಅಂದಿನಿಂದ ಒಂದು-ಮೂರು-ನಾಲ್ಕು-ಎರಡು ಎಂಬುದನ್ನು ಮಗ್ಗಿಯ ಹಾಗೆ ಹೇಳಿಕೊಂಡೇ ವೈರು ಮುಟ್ಟುತ್ತೇನೆ. ಕಲಿಯುವವರಿಗೆ ನನ್ನ ಮೊದಲ ಮಾತು ಇದೇ. ಬಿಚ್ಚುವ ಮೊದಲು ಈಗ ಹೇಗಿದೆ ಎಂದು ಬರೆದಿಟ್ಟುಕೊಳ್ಳಿ. ನಿಮಗೆ ಈಗ ಫೋನಿನಲ್ಲಿ ಫೋಟೋ ಇದೆ. ನನಗೆ ಎರಡು ಗೆರೆ ಕಾಪಿ ಪುಸ್ತಕವಿತ್ತು. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಬಿಳಿ ಪಂಚೆಯ ಮೇಲೆ ಎಡದಿಂದ ಬಲಕ್ಕೆ ಇಡಿ. ಪಂಚೆ ಯಾರದೆಂದು ಮೊದಲೇ ವಿಚಾರಿಸಿ. ನಾನು ವಿಚಾರಿಸಿರಲಿಲ್ಲ.

ಇನ್ನೊಂದು ನೆನಪು ಮಾರ್ಟಳ್ಳಿಯದು. ನಡು ಬೇಸಿಗೆ. ಇವರ ಜೊತೆ ನಾನೂ ಹೋಗಿದ್ದೆ. ಊರು ಇನ್ನೇನು ಬಂತು ಎನ್ನುವಾಗ ಕಾರು ಏದುಸಿರು ಬಿಟ್ಟು ನಿಂತಿತು. ಇವರು ಕೀಲಿ ತಿರುಗಿಸುತ್ತಲೇ ಇದ್ದರು. ಹೀಗೇ ತಿರುಗಿಸಿದರೆ ಬ್ಯಾಟರಿಯೂ ಸಾಯುತ್ತದೆ ಎಂದು ಕೀಲಿ ಕಿತ್ತುಕೊಂಡೆ. ರಸ್ತೆ ಬದಿಯ ಮನೆಯಿಂದ ಒಬ್ಬ ಅಜ್ಜಿ ಬಂದು ತಮಿಳಿನಲ್ಲಿ, "ಏಂ ಕಣ್ಣು, ವಂಡಿ ನಿನ್ನುಪೋಚ್ಚಾ?" ಎಂದರು. ನಿಂತುಹೋಗಿದ್ದು ಅವರಿಗೂ ಕಾಣುತ್ತಿತ್ತು, ಆದರೂ ಆ ಮಾತಿನಲ್ಲಿ ಒಂದು ತಂಪಿತ್ತು. ನಾನು ಮೇಸ್ತ್ರಿಯ ಹಾಗೆ ಸುಮ್ಮನೆ ನೋಡುತ್ತ ನಿಂತೆ. ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿದೆ, ಮುಟ್ಟಿದರೆ ದೋಸೆ ಕಾವಲಿ. ಒಳಗಿನ ಪೆಟ್ರೋಲು ಆವಿಯಾಗಿ ಮುಂದೆ ಹರಿಯುತ್ತಿಲ್ಲ, ಅಷ್ಟೇ. ಅಜ್ಜಿಯ ಬಳಿ ಒಂದು ತಂಬಿಗೆ ನೀರು ಕೇಳಿ, ನಮ್ಮ ಬುತ್ತಿಯ ಬಟ್ಟೆಯನ್ನು ನೆನೆಸಿ ಪಂಪಿಗೆ ಸುತ್ತಿ, ನೀರು ತೊಟ್ಟಿಕ್ಕಿಸುತ್ತ ಕುಳಿತೆ. ಅಜ್ಜಿ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು, "ಕೊಳಂದೆಗೆ ಜೊರ ಬಂದ್ರೆ ಬಟ್ಟೆ ಆಕಲ್ವಾ, ಅಂಗೇ" ಎಂದು ತಮ್ಮ ಎರಡು ಭಾಷೆಯಲ್ಲಿ, ಜ್ವರ ಬಂದ ಮಗುವಿಗೆ ಹೋಲಿಸಿ, ಕಾರಿನ ಕಾಯಿಲೆಯನ್ನು ನನಗಿಂತ ಚೆನ್ನಾಗಿ ಹೇಳಿದರು. ಕಾಲು ಗಂಟೆಗೆ ಜ್ವರ ಇಳಿಯಿತು. ಆಮೇಲೆ ಪ್ರತಿ ಬೇಸಿಗೆಯಲ್ಲೂ ಒಂದು ಹಳೇ ಬಟ್ಟೆ ಮತ್ತು ಒಂದು ಬಾಟಲಿ ನೀರು ಡಿಕ್ಕಿಯಲ್ಲಿ ಕಾಯಂ ಆದವು.

ವಿಧಾನಗಳು ಬದಲಾಗಿವೆ. ಆಗ ಪ್ಲಗ್ಗುಗಳಿಗೆ ಕಿಡಿ ಕಳಿಸುವ ಪಾಯಿಂಟಿನ ಸಂದು ಅಳೆಯಲು ಲಗ್ನಪತ್ರಿಕೆಯ ಮೂಲೆ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆವು. ಮದುವೆಯ ಕಾಲದಲ್ಲಿ ನಮಗೆ ಅಳತೆಯ ಸಾಮಾನಿಗೆ ಕೊರತೆಯಿರಲಿಲ್ಲ. ಈಗ ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ಡಬ್ಬಿ ಬಂದಿದೆ, ನಾನೂ ಹಾಕಿಸಿಕೊಂಡಿದ್ದೇನೆ, ಸುಖವಾಗಿದೆ. ಈಗಿನ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು ಬೇಗ ಮೆತ್ತಗಾಗುತ್ತದೆ, ವರ್ಷಕ್ಕೊಮ್ಮೆ ಹಿಸುಕಿ ನೋಡಿ. ಕೈಯ ಗ್ರೀಸಿಗೆ ಮಾತ್ರ ನನ್ನ ಹಳೇ ಮದ್ದೇ ಸರಿ, ಕೊಬ್ಬರಿ ಎಣ್ಣೆ ಸವರಿ ಸೀಗೆಪುಡಿಯಲ್ಲಿ ತಿಕ್ಕುವುದು. ಕೈ ತೊಳೆಯದೆ ಒಳಗೆ ಕಾಲಿಡಬಾರದು ಎಂಬ ಒಂದೇ ಕಾನೂನನ್ನು ಅತ್ತೆ ಮಾಡಿದ್ದರು. ನನ್ನ ಬೆರಳಿನ ಸಂದುಗಳನ್ನು ಅವರೇ ತಿರುಗಿಸಿ ಪರೀಕ್ಷೆ ಮಾಡುತ್ತಿದ್ದರು. ಆ ಇಲಾಖೆಯಲ್ಲಿ ಲಂಚ ನಡೆಯುತ್ತಿರಲಿಲ್ಲ.

ಇಷ್ಟೆಲ್ಲ ಕಲಿತವಳಿಗೆ ಒಂದು ಕಾಯಿಲೆ ಮಾತ್ರ ಗೆಲ್ಲಲಾಗಲಿಲ್ಲ. ಎರಡನೇ ಗೇರು.

ಮೊದಲನೇ ಗೇರು ಬೀಳುತ್ತಿತ್ತು, ಸ್ವಲ್ಪ ಗೊಣಗಿಕೊಂಡು. ಎರಡನೆಯದಕ್ಕೆ ಹಾಕುವಾಗ ಮಾತ್ರ ಕಿರ್ರ್ ಎಂದು ಹಲ್ಲು ಕಡಿಯುತ್ತಿತ್ತು. ನಮ್ಮ ಬೀದಿಯ ಮೂಲೆಯಲ್ಲಿ ತಿರುಗುವಾಗ ಕಾರು ನಿಧಾನವಾಗಿ, ಎರಡನೇ ಗೇರಿಗೆ ಇಳಿಯಲೇಬೇಕು. ದಿನಾ ಸಂಜೆ ಇವರು ಬರುತ್ತಿರುವುದು ಆ ಕಿರುಚಾಟದಿಂದಲೇ ಬೀದಿಗೆಲ್ಲ ತಿಳಿಯುತ್ತಿತ್ತು. ಪಕ್ಕದ ಮನೆಯ ಪುಟ್ಟಮ್ಮಣ್ಣಿ ನಮ್ಮ ಕಾಂಪೌಂಡ್ ಗೋಡೆಯ ಆ ಕಡೆ, ನಾವು ಈ ಕಡೆ, ಸಂಜೆಯ ಕಾಫಿ ಗೋಡೆಯ ಮೇಲೆಯೇ. ನಾವು ಕಾರಿನಿಂದ ಇಳಿಯುವುದಕ್ಕೂ ಅವರು ಲೋಟ ತಂದು ಗೋಡೆಯ ಮೇಲಿಡುವುದಕ್ಕೂ ಯಾವತ್ತೂ ಸರಿಹೋಗುತ್ತಿತ್ತು. ಹೇಗೆ ಎಂದು ನಾನು ಕೇಳಿರಲಿಲ್ಲ.

ಗೇರ್ ಕಡ್ಡಿಯ ಬುಷ್ಷು ಬದಲಾಯಿಸಿದೆ. ಆಯಿಲ್ ಬದಲಾಯಿಸಿದೆ. ಕ್ಲಚ್ಚನ್ನು ಬಿಗಿ ಮಾಡಿದೆ, ಸಡಿಲ ಮಾಡಿದೆ. ಕಾಪಿ ಪುಸ್ತಕದಲ್ಲಿ ಈ ಒಂದು ರೋಗಕ್ಕೇ ಹನ್ನೆರಡು ಪುಟ. ಕೊನೆಗೆ, "ನಿಮ್ಮ ಕಾಲಿನದೇ ತಪ್ಪು ರೀ. ಕ್ಲಚ್ ಪೂರ್ತಿ ಒತ್ತೋದಿಲ್ಲ ನೀವು" ಎಂದು ತೀರ್ಪು ಕೊಟ್ಟೆ.

"ಪೂರ್ತಿ ಒತ್ತಿದ್ದೀನಿ ಕಣೇ. ಇದಕ್ಕಿಂತ ಒತ್ತಿದ್ರೆ ಕಾಲು ರಸ್ತೆಗೆ ಹೋಗುತ್ತೆ" ಎಂದರು ಇವರು.

ಮೂವತ್ತೆರಡು ವರ್ಷ ಇದೇ ಮಾತು. ಅವರು ಗೇರ್ ಬಾಕ್ಸ್ ಎನ್ನುವುದು, ನಾನು ಕಾಲು ಎನ್ನುವುದು. ಜೋರು ಜಗಳವೇನಲ್ಲ. ಆದರೆ ನೆಂಟರ ಮುಂದೆ ನಾನು, "ಇವರ ಕಾಲಿಗೆ ಸೂಕ್ಷ್ಮ ಇಲ್ಲ" ಎಂದು ನಕ್ಕಾಗ ಅವರು ನಗುತ್ತಿರಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ಆಗ ನಾನು ಅದನ್ನು ಗಮನಿಸಿದ್ದೆ. ಗಮನಿಸಿಯೂ ಹೇಳುತ್ತಿದ್ದೆ.

ನನ್ನ ತೀರ್ಪಿಗೆ ಸಾಕ್ಷಿಯೂ ಇತ್ತು. ರಹಮತ್ ಮೇಸ್ತ್ರಿ ಕುಳಿತು ಓಡಿಸಿದರೆ ಎರಡನೇ ಗೇರು ಉಸಿರೆತ್ತುತ್ತಿರಲಿಲ್ಲ. "ನಂಗೇನೂ ಕಿರುಚ್ತಿಲ್ವಲ್ಲ ಅಮ್ಮಾವ್ರೆ?" ಎಂದು ಅವರು ತಲೆ ಕೆರೆದುಕೊಳ್ಳುತ್ತಿದ್ದರು. ನೋಡಿ, ಕಾಲಿನ ಹದ ಎಂದರೆ ಅದು ಎಂದು ನಾನು ಇವರಿಗೆ ಹೇಳುತ್ತಿದ್ದೆ. ಮೇಸ್ತ್ರಿ ಈಗಿಲ್ಲ. ಅವರ ಷೆಡ್ಡಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅವರು ಕಾರಿಗೆ ಹತ್ತುವ ಮೊದಲು ಪ್ರತಿ ಸಲವೂ ಮಾಡುತ್ತಿದ್ದ ಒಂದು ಕೆಲಸ ನನಗೆ ಚೆನ್ನಾಗಿ ನೆನಪಿದೆ. ಚಾಲಕನ ಕಾಲಡಿಯ ಹಾಸನ್ನು ತೆಗೆದು, ಹಳೇ ಪೇಪರಿನಲ್ಲಿ ಸುತ್ತಿ, ಹಿಂದಿನ ಸೀಟಿನ ಮೇಲೆ ಇಡುತ್ತಿದ್ದರು. "ನನ್ ಕಾಲೆಲ್ಲ ಎಣ್ಣೆ. ನೀವ್ ಕೈಯಾರ ಎಣ್ದಿರೋದು, ಕೊಳೆ ಆಯ್ತದೆ" ಎನ್ನುತ್ತಿದ್ದರು. ಎಂಥ ಮರ್ಯಾದಸ್ಥರು ಎಂದು ನನಗೆ ಖುಷಿಯಾಗುತ್ತಿತ್ತು.

ಆ ಹಾಸಿನ ಬಗ್ಗೆ ಹೇಳಬೇಕು. ನಮ್ಮ ಮಾವನವರು ಯಳಂದೂರಿನ ಹತ್ತಿರದ ಬೇಸಾಯಗಾರರು. ಆಯುಧಪೂಜೆಯಲ್ಲಿ ವಿಭೂತಿ, ಕುಂಕುಮ ಇಟ್ಟು ಕೈಮುಗಿದ ಗಾಡಿಯನ್ನು ಚಪ್ಪಲಿ ಕಾಲಿನಲ್ಲಿ ತುಳಿಯಬಾರದು ಎಂದು ಕಾರು ಬಂದ ದಿನವೇ ಹೇಳಿದ್ದರು. ಅದಕ್ಕೇ ಇವರು ಯಾವಾಗಲೂ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಓಡಿಸುವುದು. ಆದರೆ ಹಳೇ ಕಾರಿನ ನೆಲ ಬರೀ ತಗಡು, ಎಂಜಿನ್ನಿನ ಕಾವಿಗೆ ಸುಡುತ್ತದೆ. ಅಂಗಾಲು ಕೆಂಪಾಗಿದ್ದನ್ನು ನೋಡಿ ನಾನು ಹಳೇ ನೂಲಿನ ಸೀರೆಗಳನ್ನು ಪಟ್ಟಿಪಟ್ಟಿಯಾಗಿ ಹರಿದು, ರೇಷ್ಮೆ ನೂಲು ತೆಗೆದ ಮೇಲೆ ಉಳಿಯುವ, ನಮ್ಮೂರಲ್ಲಿ ಸಿಗುವ ಜೂಟು ದಾರ ಸೇರಿಸಿ, ಜಡೆ ಹೆಣೆದು ಸುತ್ತಿ ಹೊಲಿದ ಹಾಸೊಂದನ್ನು ಮಾಡಿದೆ. ಎರಡು ಬೆರಳು ದಪ್ಪ, ಹತ್ತಿಯ ಹಾಗೆ ಮೆತ್ತಗೆ. ಪ್ರತಿ ಆಯುಧಪೂಜೆಗೂ ಒಂದು ಹೊಸದು. ಸರಿಯದಂತೆ ಅದರ ಅಂಚನ್ನು ಪೆಡಲುಗಳ ಕೆಳಗೆ ಚೆನ್ನಾಗಿ ತುರುಕಿ ಕೂರಿಸುವುದು ನನ್ನದೇ ಕೆಲಸ, ಬೇರೆ ಯಾರ ಕೈಗೂ ಕೊಟ್ಟವಳಲ್ಲ.

ಜಾಣೆಯರಾದ ನೀವು ಈಗಾಗಲೇ ನಗುತ್ತಿರಬಹುದು. ನನಗೆ ಗೊತ್ತಾಗಿರಲಿಲ್ಲ.

ಇವರ ಕಣ್ಣು ಹೀಗಾದ ಮೇಲೆ ಡ್ರೈವಿಂಗ್ ಸ್ಕೂಲಿನ ಹೊಸ ಕಾರಿನಲ್ಲಿ ಕಲಿತೆ. ಅಲ್ಲಿ ಗೇರು ಸದ್ದಿಲ್ಲದೆ ಬೀಳುತ್ತಿತ್ತು. ನನ್ನ ಕಾಲಿಗೆ ಹದವಿದೆ ಎಂದು ಬೀಗಿದೆ. ಆಮೇಲೆ ನಮ್ಮ ಕಾರಿನಲ್ಲಿ, ಮನೆಯ ಪದ್ಧತಿಯಂತೆ ಚಪ್ಪಲಿ ಬಿಟ್ಟು, ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಮೂಲೆಯಲ್ಲಿ ಎರಡನೇ ಗೇರಿಗೆ ಎಳೆದೆ. ಕಿರ್ರ್!

ಇವರು ಬಗ್ಗಿ ನನ್ನ ಕಾಲನ್ನು ನೋಡಿದರು. ಮಾರ್ಕೆಟ್ ದಾಟಿದ ಮೇಲೆ, "ನಿನ್ನ ಕಾಲಿಗೂ ಸೂಕ್ಷ್ಮ ಇಲ್ಲ ಅಂತಾಯ್ತು" ಎಂದರು. ಅಷ್ಟೇ.

ಹಾಗಾದರೆ ಗೇರ್ ಬಾಕ್ಸೇ ಕೆಟ್ಟಿದೆ, ನನ್ನ ಹನ್ನೆರಡು ಪುಟವೂ ದಂಡ ಎಂದುಕೊಂಡೆ. ಮೊದಲ ಟೆಸ್ಟಿನಲ್ಲಿ ಅದೇ ಆಯಿತು. ಎರಡನೇ ಗೇರು ಕಿರುಚಿ ಬೀಳದೆ, ಗಾಬರಿಯಲ್ಲಿ ಕಾಲು ಬಿಟ್ಟು, ಕಾರು ಜಗ್ಗಿ ನಡುದಾರಿಯಲ್ಲಿ ನಿಂತಿತು. ಹಿಂದೆ ಸಾಲಿನಲ್ಲಿದ್ದ ಹುಡುಗರು, "ಅಜ್ಜಿ ಗಾಡಿ, ಅಜ್ಜಿ ಡ್ರೈವರ್ರು ಕಣ್ಲಾ" ಎಂದದ್ದು ಕೇಳಿಸಿತು. ಬೇಜಾರಾಗಲಿಲ್ಲ, ನಿಜವಾದ ಮಾತೇ. ಫೇಲಾದದ್ದಕ್ಕೆ ಬೇಜಾರಾಯಿತು.

ಆ ಗುರುವಾರ ಯಳಂದೂರು, ಸಂತೆಮರಹಳ್ಳಿ ದಾಟಿ ಹೋಗುವಾಗ ದಾರಿಯುದ್ದಕ್ಕೂ ಆದಷ್ಟು ಮೂರನೇ ಗೇರಿನಲ್ಲೇ ಹೋದೆ. ಇವರು, "ಎಡಗಡೆ ಏನಿದೆಯೋ ನಂಗೆ ಕಾಣಲ್ಲ, ನೀನೇ ನೋಡ್ಕೋ" ಎನ್ನುತ್ತಿದ್ದರು. ಯಳಂದೂರಿನಲ್ಲಿ ಮಹದೇವಸ್ವಾಮಿಯವರ ಅಂಗಡಿಯ ಮುಂದೆ ಹಾದಾಗ ಅವರು ಕೈಯೆತ್ತಿದರು. ನನಗೆ ನಮ್ಮ ಬಾನೆಟ್ಟಿನೊಳಗೆ ಹೂವಿನ ಗಿಡ ಕಂಡ ಹಾಗಾಯಿತು.

ಈ ಸಲ ಬೇರೆ ಇನ್ಸ್‌ಪೆಕ್ಟರ್ ಇದ್ದರು, ಚಿಕ್ಕ ವಯಸ್ಸಿನವರು. ಬಾಗಿಲು ತೆಗೆದು ಬಗ್ಗಿ ನೋಡಿದರು.

"ಅಮ್ಮಾ, ಚಪ್ಪಲಿ?"

"ಒಳಗೆ ಹಾಕೋದಿಲ್ಲ ಸಾರ್. ಪೂಜೆ ಮಾಡಿದ ಗಾಡಿ."

"ಅದಿರ್ಲಿ ಬಿಡಿ, ನಮ್ ಮನೇಲೂ ಅಂಗೆಯ. ಆದ್ರೆ ಇದೇನಿದು ಕಾಲಡೀಲಿ? ಆಸ್ಗೆ ಆಸ್ದಂಗದೆ! ಪೆಡಲ್ ಕೆಳ್ಗೆ ಏನೂ ಇರ್ಕೂಡ್ದಮ್ಮಾ. ತಗೀರಿ ಮೊದ್ಲು."

ಹೊಸ ಹಾಸು, ಹೋದ ಆಯುಧಪೂಜೆಯದು. ನನಗೆ ಕೊಂಚ ಅವಮಾನವೇ ಆಯಿತು. ಎಳೆದು ತೆಗೆದು, ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕುಳಿತಿದ್ದ ಇವರ ಮಡಿಲಿಗೆ ಕೊಟ್ಟು ಬಂದೆ. ಬಂದು ಕುಳಿತಾಗ ತಗಡು ಅಂಗಾಲಿಗೆ ಚುರ್ರೆಂದಿತು. ಕ್ಲಚ್ ಒತ್ತಿದೆ. ಕಾಲು ಕೆಳಗೆ ಹೋಯಿತು. ಇನ್ನೂ ಹೋಯಿತು. ನಾನು ಇಷ್ಟು ದಿನ ತಳ ಎಂದುಕೊಂಡಿದ್ದ ಜಾಗವನ್ನೂ ದಾಟಿ ಎರಡು ಬೆರಳು ಹೋಯಿತು.

ಮೊದಲನೇ ಗೇರು ಗೊಣಗಲಿಲ್ಲ. ಗಾಡಿ ಹೊರಟಿತು. ತಿರುವಿನ ಕಂಬದ ಹತ್ತಿರ ಉಸಿರು ಬಿಗಿಹಿಡಿದು ಎರಡನೇ ಗೇರಿಗೆ ಎಳೆದೆ. ಬೆಣ್ಣೆಯೊಳಗೆ ಬೆರಳಿಟ್ಟ ಹಾಗೆ ಬಿತ್ತು. ಸದ್ದೇ ಇಲ್ಲ. ಆ ಮೌನಕ್ಕೆ ಕಂಬವನ್ನೇ ತಾಕಿಸಿಬಿಡುತ್ತಿದ್ದೆ. ತಿರುಗಿದೆ, ನಿಲ್ಲಿಸಿದೆ, ಹಿಂದಕ್ಕೆ ಬಂದೆ. ಕೈಕಾಲು ತಮ್ಮಷ್ಟಕ್ಕೆ ಮಾಡುತ್ತಿದ್ದವು. ನನ್ನ ಮನಸ್ಸು ಮಾತ್ರ ಮೇಸ್ತ್ರಿಯ ಷೆಡ್ಡಿನಲ್ಲಿ, ಪೇಪರಿನಲ್ಲಿ ಸುತ್ತಿಟ್ಟ ಹಾಸಿನ ಮುಂದೆ ನಿಂತಿತ್ತು. ಮೂವತ್ತೆರಡು ವರ್ಷ ಎಂಜಿನ್ನಿನ ಹೊಟ್ಟೆಯೆಲ್ಲ ನೋಡಿದವಳು ನಾನೇ ಹೊಲಿದ ಹಾಸನ್ನು ಎತ್ತಿ ಅದರ ಕೆಳಗೆ ನೋಡಿರಲಿಲ್ಲ. ಸಿಸ್ಟರ್ ಇದ್ದಿದ್ದರೆ ಸೊನ್ನೆ ಹಾಕುತ್ತಿದ್ದರು.

ಇನ್ಸ್‌ಪೆಕ್ಟರ್ ಹಾಳೆಯಲ್ಲಿ ಗುರುತು ಹಾಕಿ, "ಪಾಸು ಕಣಮ್ಮಾ. ಗಾಡಿ ಚೆನ್ನಾಗಿ ಮಡಿಕಂಡಿದ್ದೀರಿ. ಯಾವ್ ಗ್ಯಾರೇಜು?" ಎಂದರು. ಮನೆಯಲ್ಲೇ ಎಂದೆ. ಅವರು ಮುಂದಿನ ಗಾಡಿಗೆ ಹೋದರು.

ಹೊಂಗೆ ಮರದ ಹತ್ತಿರ ಬಂದೆ. ಇವರು ಹಾಸನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಅದರ ರೇಷ್ಮೆಯ ಎಳೆಗಳನ್ನು ಬೆರಳಿನಿಂದ ಸರಿಮಾಡುತ್ತಿದ್ದರು.

"ಏನಾಯ್ತು?"

"ಪಾಸಾಯ್ತು. ರೀ, ಎರಡನೇ ಗೇರು ಕಿರುಚಲಿಲ್ಲ."

"ಕೇಳಿಸ್ತು. ಅಂದ್ರೆ, ಕೇಳಿಸಲಿಲ್ಲ."

"ತಪ್ಪು ನಿಮ್ಮ ಕಾಲಿನದಲ್ಲ. ಗೇರ್ ಬಾಕ್ಸಿನದೂ ಅಲ್ಲ. ಇದರದು" ಎಂದು ಹಾಸನ್ನು ತೋರಿಸಿದೆ. "ನಂದು. ನೆಂಟರ ಮುಂದೆಲ್ಲ ನಿಮ್ಮನ್ನ ಅಂದೆ."

ಅವರು ಹಾಸನ್ನು ಮಗುಚಿ ನೋಡಿದರು. ಪೆಡಲಿನ ಅಚ್ಚು ಹಿಂಭಾಗದವರೆಗೂ ಗುಂಡಗೆ ಒತ್ತಿಕೊಂಡಿತ್ತು. "ನಾನು ಹೇಳ್ತಾನೇ ಇದ್ದೆ ಪೂರ್ತಿ ಒತ್ತಿದ್ದೀನಿ ಅಂತ" ಎಂದರು. ಆಮೇಲೆ, "ಆದ್ರೆ ಇಷ್ಟು ವರ್ಷ ನನ್ನ ಕಾಲು ಒಂದು ದಿನಾನೂ ಸುಡಲಿಲ್ಲ ಗಿರಿಜಾ" ಎಂದರು.

ಎದ್ದು, ಬೂಟು ಬಿಚ್ಚಿ, ತಮ್ಮ ಕಾಲುಚೀಲ ತೆಗೆದು ನನ್ನ ಕೈಗೆ ಕೊಟ್ಟರು. "ಬರಿಗಾಲಲ್ಲಿ ಕೊಳ್ಳೇಗಾಲದವರೆಗೂ ಹೋಗೋಕಾಗಲ್ಲ. ಇದಕ್ಕೆ ಅಪ್ಪ ಏನೂ ಅನ್ನೋದಿಲ್ಲ." ನನ್ನ ಅಂಗಾಲಿಗೆ ಅವು ತುಂಬ ದೊಡ್ಡವು. ಹಾಕಿಕೊಂಡು ಕುಳಿತೆ.

ಯಳಂದೂರಿನಲ್ಲಿ ಗಾಡಿ ನಿಲ್ಲಿಸಿ ಇವರು ಮಹದೇವಸ್ವಾಮಿಯವರಿಗೆ ವಿಷಯ ಹೇಳಿದರು. ಅವರು ಕಿಟಕಿಯಲ್ಲಿ ಬಗ್ಗಿ, ಸ್ಟೇರಿಂಗ್ ಹಿಡಿದ ನನ್ನನ್ನೂ ನನ್ನ ಕಾಲುಚೀಲವನ್ನೂ ನೋಡಿ, "ಅಂಗಾದ್ರೆ ಊವಿನ್ ಗಿಡಕ್ಕೆ ಬ್ಯಾರೆ ಗಾಡಿ ಉಡುಕ್ತೀನಿ ಬುಡಿ ಸಾ. ಅಮ್ಮೋರು ಕೂತಿದ್ರೇ ಸೋಕಿ" ಎಂದು ಒಂದು ಫೋಟೋ ತೆಗೆದುಕೊಂಡರು.

ಹೊಸಬರಿಗೆ ಕೊನೆಯದಾಗಿ ಹೇಳುವುದಿಷ್ಟೇ. ಗಾಡಿ ಕೆಟ್ಟಾಗ ಅದರ ಭಾಗಗಳನ್ನು ಅನುಮಾನಿಸುವ ಮೊದಲು, ಅದಕ್ಕೆ ಪ್ರೀತಿಯಿಂದ ನೀವೇ ಸೇರಿಸಿದ್ದನ್ನು ತೆಗೆದು ನೋಡಿ. ಮತ್ತು ರಿಪೇರಿ ಮಾಡುವವರು ಓಡಿಸಲು ಕಲಿಯಿರಿ, ನನ್ನ ಹಾಗೆ ಹೆಬ್ಬೆರಳು ಹೋಗುವವರೆಗೆ ಕಾಯಬೇಡಿ.

ನಮ್ಮ ಬೀದಿಯ ಮೂಲೆಗೆ ಬಂದಾಗ ಆರು ಗಂಟೆ. ಎರಡನೇ ಗೇರಿಗೆ ಇಳಿಸಿ ತಿರುಗಿಸಿದೆ. ಷೆಡ್ಡಿನ ಬಾಗಿಲನ್ನು ಎತ್ತಿ ಸರಿಸಿ ಗಾಡಿ ಒಳಗೆ ಬಿಟ್ಟೆ. ಹಾಸನ್ನು ಅಡುಗೆಮನೆಯ ಹೊಸ್ತಿಲಿಗೆ ಹಾಕಿದೆ. ಅಲ್ಲಿ ಅದು ಚೆನ್ನಾಗಿ ಕಂಡಿತು. ಕೈಕಾಲು ತೊಳೆದು ಗೋಡೆಯ ಹತ್ತಿರ ಬಂದರೆ ಲೋಟಗಳಿಲ್ಲ, ಪುಟ್ಟಮ್ಮಣ್ಣಿಯೂ ಇಲ್ಲ. ಬಹಳ ಹೊತ್ತಿನ ಮೇಲೆ ಸೆರಗಿಗೆ ಕೈಯೊರೆಸುತ್ತ ಬಂದರು.

"ಅಯ್ಯೋ, ನೀವ್ ಯಾವಾಗ ಬಂದ್ರಿ ಗಿರಿಜಮ್ಮ? ಮೂಲೇಲಿ ನಿಮ್ ಗಾಡಿ ಕಿರ್ರಂದ್ರೆ ನಾನು ಕಾಪಿಗೆ ನೀರು ಮಡುಗೋದು. ಇವತ್ತು ಅದ್ಯಾಕೋ ಬಾಯೇ ಬುಡ್ನಿಲ್ಲ. ನಾಳಿಂದ ಅಲ್ಲಿ ಒಸಿ ಪೋಂ ಪೋಂ ಅಂತ ಆರ್ನಾದ್ರೂ ಮಾಡಿ ಕಣವ್ವಾ."